ಮುದ್ರಣ ನಿಲ್ಲುತ್ತಿರುವ ಸಚಿತ್ರ ಆವೃತ್ತಿಗಳು: ಮೊದಲು ಯಾವುದನ್ನು ಕೊಳ್ಳಬೇಕು?

ಹೊತ್ತಗೆ_ಗೂಡು
ತಿಳಿದವರು ದಾರಿ ತೋರಿಸಿ. ಒಳ್ಳೆಯ ಸಚಿತ್ರ ಆವೃತ್ತಿಗಳಿಗೆಂದು 25,000 ರೂಪಾಯಿ ಎತ್ತಿಟ್ಟಿದ್ದೇನೆ. ಕಣ್ಣೆದುರು ಮೂರು ಆಯ್ಕೆ ಇದೆ.

ಒಂದು, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಬರೆದ 'ಮಿಥ್ಸ್ ಆಫ್ ದಿ ಹಿಂದೂಸ್ ಅಂಡ್ ಬುದ್ಧಿಸ್ಟ್ಸ್', ಹ್ಯಾರಪ್ ಪ್ರಕಾಶನ, ಲಂಡನ್, 1913. ಮಾರುವವರು "ಮೂಲ ಪ್ರತಿ, ಚಿತ್ರಸಹಿತ, ವೆರಿ ಗುಡ್" ಎಂದು ಬರೆದಿದ್ದಾರೆ. ಎರಡು, ಚೆನ್ನೈನ ತಾರಾ ಬುಕ್ಸ್‌ನ 'ದಿ ನೈಟ್ ಲೈಫ್ ಆಫ್ ಟ್ರೀಸ್', ಹಳೆಯ ಮುದ್ರಣದ್ದು. ಮೂರು, ಲಂಡನ್ನಿನ ಫೋಲಿಯೊ ಸೊಸೈಟಿ ಪ್ರಕಾಶನದ ಒಂದು ಕಾದಂಬರಿ, "ಕೊನೆಯ ಪ್ರತಿಗಳು" ಪಟ್ಟಿಯಲ್ಲಿದೆ.

ಮೂರೂ ಒಟ್ಟಿಗೆ ಆಗದು. ಯಾವುದು ಮೊದಲು? ಏನೇನು ನೋಡಿ ಕೊಳ್ಳಬೇಕು?

ಅಚ್ಚುಮೊಳೆ
ಯಾವ ಪುಸ್ತಕವನ್ನು ಅದೇ ರೀತಿ ಮತ್ತೆ ಮುದ್ರಿಸಲು ಸಾಧ್ಯವಿಲ್ಲವೋ ಅದು ಮೊದಲು. "ಲಿಮಿಟೆಡ್" (ಇಂತಿಷ್ಟೇ ಪ್ರತಿ) ಎಂಬ ಚೀಟಿ ನೋಡಬೇಡಿ, ಹೇಗೆ ಅಚ್ಚಾಗಿದೆ ನೋಡಿ.

ಸಾಮಾನ್ಯ ಫೋಲಿಯೊ ಆವೃತ್ತಿ ಆಫ್‌ಸೆಟ್ ಮುದ್ರಣ. ಫೈಲು ಅವರ ಬಳಿ ಇರುತ್ತದೆ, ಬೇಡಿಕೆ ಬಂದರೆ ಇನ್ನೊಂದು ಸಲ ಹೊಡೆಯುತ್ತಾರೆ. ತಾರಾದ ಕೈಮುದ್ರಣದ ಪುಸ್ತಕಗಳು ಹಾಗಲ್ಲ. ಹತ್ತಿಯ ಚಿಂದಿಯಿಂದ ಕೈಯಲ್ಲಿ ಮಾಡಿದ ಕಾಗದ, ಅದರ ಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಸಲ ಸ್ಕ್ರೀನ್ (ಬಟ್ಟೆಯ ಜಾಲರಿ) ಇಟ್ಟು ಕೈಯಿಂದ ಶಾಯಿ ಎಳೆಯಬೇಕು. ಲೆಕ್ಕ ಹಾಕಿ: 20 ಮುಖಗಳು, ತಲಾ 2 ಬಣ್ಣ, 2,000 ಪ್ರತಿ ಎಂದಿಟ್ಟುಕೊಂಡರೂ 80,000 ಎಳೆತ. ಪ್ರತಿ ಹಾಳೆಯನ್ನೂ ಒಣಗಲು ಬಿಟ್ಟು ಮುಂದಿನ ಬಣ್ಣ. ಅದಕ್ಕೇ ಒಂದು ಮುದ್ರಣ ಮುಗಿದರೆ ಮುಂದಿನದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

ರಾಜಾಜಿನಗರ_ಓದುಗ
ಒಪ್ಪೋದಿಲ್ಲ. ಫೋಲಿಯೊದವರ ಲಿಮಿಟೆಡ್ ಆವೃತ್ತಿ ಒಮ್ಮೆ ಮುಗಿದರೆ ಮುಗಿಯಿತು. ಅದನ್ನೂ ಆಫ್‌ಸೆಟ್ ಅಂತ ಪಕ್ಕಕ್ಕಿಡ್ತೀರಾ?

ಅಚ್ಚುಮೊಳೆ
ನಾನು ಹೇಳಿದ್ದು ಸಾಮಾನ್ಯ ಆವೃತ್ತಿಯ ಮಾತು. ಗೂಡು ಅವರು ಕೇಳಿರುವುದೂ ಅದನ್ನೇ.

ಚಿತ್ರಪಟ
ಇಬ್ಬರ ಮಾತೂ ಸರಿ, ಆದರೆ ಎರಡನ್ನೂ ಬೇರ್ಪಡಿಸಿ ನೋಡಬೇಕು. ಫೋಲಿಯೊ 1947ರಲ್ಲಿ ಚಾರ್ಲ್ಸ್ ಈಡ್ ಶುರುಮಾಡಿದ ಸಂಸ್ಥೆ, ಚೆಂದದ ಪುಸ್ತಕ ಸಾಮಾನ್ಯ ಓದುಗನ ಕೈಗೂ ಎಟುಕಬೇಕು ಎಂಬುದೇ ಅವರ ಉದ್ದೇಶವಾಗಿತ್ತು. ಅದಕ್ಕೇ ಸಾಮಾನ್ಯ ಆವೃತ್ತಿಗಳು ಹಲವು ಸಲ ಅಚ್ಚಾಗಿವೆ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಎಷ್ಟನೆಯ ಮುದ್ರಣ, ಯಾವ ವರ್ಷ ಎಂದು ಸಾಮಾನ್ಯವಾಗಿ ನಮೂದಿಸಿರುತ್ತಾರೆ. ಅಲ್ಲೇ ಅಕ್ಷರವಿನ್ಯಾಸ, ಕಾಗದ, ಮುದ್ರಣಾಲಯ, ಬೈಂಡಿಂಗ್ ಬಟ್ಟೆಯ ವಿವರವೂ ಸಿಗುತ್ತದೆ. ಆರೇಳು ಮುದ್ರಣ ಕಂಡ ಪುಸ್ತಕವಾದರೆ ಹಳೆಯ ಮಾರುಕಟ್ಟೆಯಲ್ಲಿ ಪ್ರತಿಗಳಿಗೆ ಬರವಿಲ್ಲ. ಅವಸರ ಬೇಡ.

"ಕೊನೆಯ ಪ್ರತಿಗಳು" ಅಂದರೆ ಗೋದಾಮಿನಲ್ಲಿ ಉಳಿದದ್ದು ಇಷ್ಟೇ ಎಂದಷ್ಟೇ ಅರ್ಥ. ಆಮೇಲೆ ಮರುಮುದ್ರಣ ಆಗುತ್ತದೋ ಇಲ್ಲವೋ ಎನ್ನುವುದು ಬಹುಮಟ್ಟಿಗೆ ಹಕ್ಕಿನ ಮೇಲೆ ನಿಂತಿರುತ್ತದೆ. ಹಳೆಯ ಕೃತಿಯಾಗಿದ್ದು ಪಠ್ಯಕ್ಕೆ ಹಕ್ಕುಸ್ವಾಮ್ಯ ಇಲ್ಲದಿದ್ದರೆ ಚಿತ್ರಕಾರರ ಒಪ್ಪಂದ ಮಾತ್ರ ಉಳಿಯುತ್ತದೆ. ಬದುಕಿರುವ ಲೇಖಕರ ಕೃತಿಯಾದರೆ ಪಠ್ಯದ ಪರವಾನಗಿ ಅವಧಿ ಮುಗಿದ ಕೂಡಲೇ ಪುಸ್ತಕ ಪಟ್ಟಿಯಿಂದ ಹೋಗುತ್ತದೆ, ಮತ್ತೆ ಬಾರದೆಯೂ ಇರಬಹುದು. ನಿಮ್ಮದು ಎರಡನೆಯ ಬಗೆಯಾದರೆ ಮಾತ್ರ ಬೇಗ ಕೊಳ್ಳಿ.

ವೆಂಕಟಪ್ಪ_ಅಭಿಮಾನಿ
1913ರದ್ದು! ಎರಡನೇ ಯೋಚನೆಯೇ ಬೇಡ. ಆ ಪುಸ್ತಕದಲ್ಲಿ ನಮ್ಮ ಕೆ. ವೆಂಕಟಪ್ಪನವರ ಚಿತ್ರಗಳಿವೆ. ಮೈಸೂರಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿಯುತ್ತಿದ್ದಾಗ ಮಾಡಿದ ಕೆಲಸ ಅದು. ಒಟ್ಟು 32 ಬಣ್ಣದ ಚಿತ್ರಗಳು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಅವರೂ ಅವರ ಶಿಷ್ಯರೂ ಬರೆದದ್ದು. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್, ಕ್ಷಿತೀಂದ್ರನಾಥ ಮಜುಂದಾರ್, ಸುರೇಂದ್ರನಾಥ ಕರ್ ಎಲ್ಲರೂ ಇದ್ದಾರೆ. ನಿವೇದಿತಾ 1911ರಲ್ಲಿ ತೀರಿಹೋದರು, ಉಳಿದದ್ದನ್ನು ಕುಮಾರಸ್ವಾಮಿ ಮುಗಿಸಿದರು. ಕಬ್ಬನ್ ಪಾರ್ಕಿನ ಪಕ್ಕದ ಗ್ಯಾಲರಿಗೆ ಯಾರ ಹೆಸರಿಟ್ಟಿದೆಯೋ ಆ ಕಲಾವಿದನ ಎಳೆಯ ವಯಸ್ಸಿನ ಕೆಲಸ ಒಂದು ಪುಸ್ತಕದಲ್ಲಿ ಸಿಗುತ್ತದೆ ಅಂದರೆ ಕನ್ನಡಿಗರ ಮನೆಯಲ್ಲಿ ಅದು ಇರಲೇಬೇಕು.

ರಟ್ಟು_ದಾರ
ಭಾವನೆ ಸರಿ ಅಣ್ಣಾ, ಆದರೆ ದುಡ್ಡು ಕೊಡುವ ಮೊದಲು ಚಿತ್ರ ಎಣಿಸಬೇಕು. ಆ ಕಾಲದ ಬಣ್ಣದ ಚಿತ್ರಗಳು ಪಠ್ಯದ ಜೊತೆ ಅಚ್ಚಾದವಲ್ಲ. ತ್ರಿವರ್ಣ ಹಾಫ್‌ಟೋನ್‌ಗೆ (ಮೂರು ಬಣ್ಣದ ಸಣ್ಣ ಚುಕ್ಕಿಗಳಿಂದ ಚಿತ್ರ ಮೂಡಿಸುವ ಅಚ್ಚು) ನುಣುಪಾದ ಆರ್ಟ್ ಪೇಪರ್ ಬೇಕು, ಪಠ್ಯದ ಒರಟು ಕಾಗದದಲ್ಲಿ ಚುಕ್ಕಿ ನಿಲ್ಲುವುದಿಲ್ಲ. ಹಾಗಾಗಿ ಚಿತ್ರಗಳನ್ನು ಬೇರೆ ಹಾಳೆಯಲ್ಲಿ ಅಚ್ಚು ಹಾಕಿ ಪುಟಗಳ ನಡುವೆ ಸೇರಿಸುತ್ತಿದ್ದರು. ಸೇರಿಸಿದ್ದು ಕಳಚುತ್ತದೆ. ಕಳಚದಿದ್ದರೆ ಬ್ಲೇಡಿನಿಂದ ಕತ್ತರಿಸಿ ಚೌಕಟ್ಟು ಹಾಕಿ ಮಾರುವವರೂ ಇದ್ದಾರೆ, ಒಂದು ಪುಸ್ತಕಕ್ಕಿಂತ 32 ಬಿಡಿ ಚಿತ್ರಗಳಿಗೆ ಹೆಚ್ಚು ಹಣ ಬರುತ್ತದೆ ಅಂತ.

ಮಾರುವವರಿಗೆ ಹೀಗೆ ಕೇಳಿ. ಮುಂಭಾಗದ ಚಿತ್ರಪಟ್ಟಿಯ ಫೋಟೋ ಕಳಿಸಿ. ಪಟ್ಟಿಯಲ್ಲಿರುವ ಪ್ರತಿ ಪುಟಸಂಖ್ಯೆಯ ಹತ್ತಿರ ಪುಸ್ತಕ ತೆರೆದು, ಚಿತ್ರವೂ ಎದುರು ಪುಟವೂ ಕಾಣುವಂತೆ ಫೋಟೋ ಕಳಿಸಿ. ಎರಡು ಪುಟ ಸೇರುವ ಸಂದಿಯಲ್ಲಿ ಸಣ್ಣ ಕಾಗದದ ಪಟ್ಟಿ ಉಳಿದಿದ್ದರೆ ಅಲ್ಲೊಂದು ಹಾಳೆ ಕತ್ತರಿಸಿದ್ದಾರೆ ಎಂದರ್ಥ. ಎದುರು ಪುಟದಲ್ಲಿ ಚಿತ್ರದ ಆಕಾರದ ಮಸುಕು ಕಂದು ಚೌಕವಿದ್ದು ಚಿತ್ರ ಇಲ್ಲದಿದ್ದರೂ ಅದೇ ಕಥೆ. "ವೆರಿ ಗುಡ್" ಅನ್ನುವುದನ್ನು ತುಂಬ ಚೆನ್ನಾಗಿದೆ ಎಂದು ಓದಬೇಡಿ. ಹಳೆಯ ಪುಸ್ತಕದ ವ್ಯಾಪಾರದಲ್ಲಿ "ಫೈನ್", "ನಿಯರ್ ಫೈನ್" ಆದಮೇಲೆ ಬರುವ ಮೂರನೇ ದರ್ಜೆ ಅದು, ಸವೆತ ಕಲೆ ಇದ್ದೇ ಇರುತ್ತದೆ.

ಹಳೇಪೇಟೆ
ಅದು ನಿಜಕ್ಕೂ 1913ರದ್ದೇ ಅಂತ ಹೇಗೆ ಗೊತ್ತು? ಆನ್‌ಲೈನಿನಲ್ಲಿ "1913" ಎಂದು ಹಾಕಿ ಪ್ರಿಂಟ್ ಆನ್ ಡಿಮಾಂಡ್ (ಕೇಳಿದಾಗಷ್ಟೇ ಹೊಡೆದುಕೊಡುವ) ಪ್ರತಿ ಮಾರೋರು ಬೇಕಾದಷ್ಟಿದ್ದಾರೆ.

ರಟ್ಟು_ದಾರ
ಒಳ್ಳೆ ಪ್ರಶ್ನೆ. ಪಟ್ಟಿಯಲ್ಲಿ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಇದ್ದರೆ ಅಲ್ಲಿಗೇ ಬಿಡಿ, 1913ರಲ್ಲಿ ಆ ವ್ಯವಸ್ಥೆಯೇ ಇರಲಿಲ್ಲ. ಫೋಟೋ ಬದಲು ಬರೀ ಸಾದಾ ಬಣ್ಣದ ರಕ್ಷಾಪುಟ ತೋರಿಸಿದ್ದರೂ ಬಿಡಿ. ಸ್ಕ್ಯಾನ್ ಮಾಡಿ ಹೊಡೆದ ಪ್ರತಿಗಳಲ್ಲಿ ಬಣ್ಣದ ಚಿತ್ರ ಕಪ್ಪು ಬಿಳುಪಾಗಿ ಮಸಿ ಬಳಿದಂತೆ ಬರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ.

ಇನ್ನೊಂದು: ಹ್ಯಾರಪ್‌ನವರೇ ಇದನ್ನು ಮತ್ತೆ ಮುದ್ರಿಸಿದ್ದಾರೆ, ನ್ಯೂಯಾರ್ಕಿನಲ್ಲಿ ಹೆನ್ರಿ ಹೋಲ್ಟ್ 1914ರಲ್ಲಿ ತಂದರು. ಅವೂ ಒಳ್ಳೆಯ ಪ್ರತಿಗಳೇ, ಆದರೆ 1913ರ ಬೆಲೆ ಕೊಡಬೇಡಿ. ಶೀರ್ಷಿಕೆ ಪುಟ, ಅದರ ಹಿಂಬದಿ ಎರಡರ ಫೋಟೋ ಇಲ್ಲದೆ ವರ್ಷ ನಂಬಬೇಡಿ.

ಅಚ್ಚುಮೊಳೆ
ಪುಸ್ತಕ ಕೈಗೆ ಬಂದಮೇಲೆ 10 ಪಟ್ಟಿನ ಲೂಪ್ (ಭೂತಗನ್ನಡಿ) ಹಿಡಿದು ನೋಡಿ, ಒಡವೆ ಅಂಗಡಿಯವರು ಬಳಸುವಂಥದ್ದು ಸಾಕು. ಮೂರು ಪುಸ್ತಕಗಳಲ್ಲೂ ಬೇರೆ ಬೇರೆ ಕಾಣುತ್ತದೆ.

ಆಫ್‌ಸೆಟ್‌ನಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಣ್ಣ ಹೂವಿನ ಹಾಗೆ ಸುತ್ತಿಕೊಂಡಿರುತ್ತವೆ. ಸ್ಕ್ರೀನ್ ಮುದ್ರಣದಲ್ಲಿ ಚುಕ್ಕಿ ಇಲ್ಲ, ಗಟ್ಟಿ ಬಣ್ಣ, ಅಂಚಿನಲ್ಲಿ ಶಾಯಿ ತುಸು ಎದ್ದಿರುತ್ತದೆ, ಬೆರಳಿಗೂ ತಾಗುತ್ತದೆ. 1913ರದ್ದರಲ್ಲೂ ಚುಕ್ಕಿಗಳೇ, ಹಾಗಾಗಿ ಚುಕ್ಕಿ ಕಂಡ ಮಾತ್ರಕ್ಕೆ ನಕಲು ಎನ್ನಬೇಡಿ. ನಕಲಿನಲ್ಲಿ ಹಳೆಯ ಚುಕ್ಕಿಯ ಮೇಲೆ ಹೊಸ ಚುಕ್ಕಿ ಕೂತು ಜಾಳಿಗೆಯಂಥ ಅಲೆ ಕಾಣುತ್ತದೆ. ಇಂಕ್‌ಜೆಟ್ ಆದರೆ ಚುಕ್ಕಿಗಳಿಗೆ ಸಾಲೇ ಇಲ್ಲ, ಎರಚಿದಂತೆ ಇರುತ್ತವೆ. ಪಠ್ಯವನ್ನೂ ನೋಡಿ: ಮೊಳೆ ಅಚ್ಚಿನ ಪುಟವನ್ನು ಓರೆ ಬೆಳಕಿಗೆ ಹಿಡಿದರೆ ಹಿಂಬದಿಯಲ್ಲಿ ಅಕ್ಷರಗಳ ಒತ್ತು ಕಾಣುತ್ತದೆ. ಆಫ್‌ಸೆಟ್ ಮರುಮುದ್ರಣದಲ್ಲಿ ಹಿಂಬದಿ ಚಪ್ಪಟೆ.

ಹೊತ್ತಗೆ_ಗೂಡು
ಇಷ್ಟೊಂದು ವಿವರ ಸಿಕ್ಕಿತು, ತುಂಬ ಉಪಕಾರ. ತಾರಾ ಪುಸ್ತಕದಲ್ಲಿ ಏನು ನೋಡಬೇಕು?

ಚಿತ್ರಪಟ
'ನೈಟ್ ಲೈಫ್' 2006ರಲ್ಲಿ ಮೊದಲು ಬಂತು. ಭಜ್ಜು ಶ್ಯಾಮ್, ದುರ್ಗಾ ಬಾಯಿ, ರಾಮ್ ಸಿಂಗ್ ಉರ್ವೇತಿ ಎಂಬ ಮೂವರು ಗೊಂಡ ಬುಡಕಟ್ಟಿನ ಕಲಾವಿದರ ಮರಗಳು, ಕಪ್ಪು ಕಾಗದದ ಮೇಲೆ. 2008ರಲ್ಲಿ ಇಟಲಿಯ ಬೊಲೋನ್ಯಾ ಮಕ್ಕಳ ಪುಸ್ತಕ ಮೇಳದ ರಗಾಜ್ಜಿ ಪ್ರಶಸ್ತಿ ಬಂದಮೇಲೆ ಬೇರೆ ಭಾಷೆಗಳಲ್ಲೂ ಬಂತು. ಮುದ್ರಣದಿಂದ ಮುದ್ರಣಕ್ಕೆ ಮುಖಪುಟದ ಚಿತ್ರ ಬದಲಾಗುತ್ತದೆ, ಅದರಿಂದ ಗುರುತು ಹಿಡಿಯಬಹುದು. ಪ್ರತಿಯ ಸಂಖ್ಯೆಯನ್ನು ಕೈಯಲ್ಲಿ ಬರೆದಿರುತ್ತಾರೆ, ಆ ಪುಟದ ಫೋಟೋ ಕೇಳಿ.

ದೋಷ ಎಲ್ಲಿ ಬರುತ್ತದೆ ಅಂದರೆ, ಕಪ್ಪು ಕಾಗದದ ಅಂಚು ಮತ್ತು ಮೂಲೆ ಬೇಗ ಬಿಳಿಚುತ್ತವೆ. ಎರಡು ಪುಟಗಳ ಶಾಯಿ ಮುಖಾಮುಖಿ ಇರುವುದರಿಂದ ತೇವದಲ್ಲಿ ಭಾರ ಹೇರಿಟ್ಟರೆ ಒಂದರ ಗುರುತು ಇನ್ನೊಂದಕ್ಕೆ ಹತ್ತುತ್ತದೆ. ಬಣ್ಣ ಒಂದು ಕೂದಲೆಳೆ ಆಚೀಚೆ ಕೂತಿದ್ದರೆ ಅದು ದೋಷವಲ್ಲ, ಕೈಕೆಲಸದ ಗುಣ. ಅದಕ್ಕಾಗಿ ಬೆಲೆ ಇಳಿಸಿ ಕೇಳುವುದು ನ್ಯಾಯವಲ್ಲ.

ಧಾರವಾಡ_ಪೇಡೆ
ಇದೆಲ್ಲಾ ಇಂಗ್ಲಿಷ್ ಪುಸ್ತಕದ ಮಾತಾತು. ಕನ್ನಡದಾಗ ಇಂಥಾ ಚಿತ್ರದ ಪುಸ್ತಕ ಯಾವ ಅದಾವ್ರೀ? ನಮ್ಮವು ಹೋಗಾಕತ್ತಾವು, ಅವನ್ನ ಯಾರು ಹಿಡಿದಿಡೋರು?

ವೆಂಕಟಪ್ಪ_ಅಭಿಮಾನಿ
ಸರಿಯಾಗಿ ಕೇಳಿದಿರಿ. ಕಾರಂತರ 'ಬಾಲ ಪ್ರಪಂಚ' 1936, ಮೂರು ಸಂಪುಟ. ಕನ್ನಡದ ಮಕ್ಕಳಿಗೆ ಸಚಿತ್ರ ವಿಶ್ವಕೋಶ ಮಾಡಿದ ಮೊದಲ ದೊಡ್ಡ ಸಾಹಸ. ಮೂರೂ ಒಟ್ಟಿಗೆ, ಮೂಲ ರಟ್ಟಿನಲ್ಲಿ ಸಿಕ್ಕರೆ ಬಿಡಬೇಡಿ. ಬಿಡಿ ಸಂಪುಟ ಸಿಕ್ಕರೂ ಕೊಳ್ಳಿ, ಜೋಡಿ ಆಮೇಲೆ ಕೂಡುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳ 'ದಿ ಸಿಂಗಿಂಗ್ ಲೈನ್' 1964ರದ್ದು, ಅದೂ ಹುಡುಕಬೇಕಾದ್ದೇ.

ಹಳೇಪೇಟೆ
ಚಂದಮಾಮ ಸೇರಿಸಿ! 1949ರಿಂದ ಕನ್ನಡದಲ್ಲಿ ಬಂತು. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಚಿತ್ರಗಳಿರುವ ಸಂಚಿಕೆಗಳಿಗೆ ಈಗಲೂ ಜನ ಮುಗಿಬೀಳ್ತಾರೆ.

ರಟ್ಟು_ದಾರ
ಚಂದಮಾಮ ಕೊಳ್ಳುವಾಗ ಒಂದು ಎಚ್ಚರ. ವರ್ಷದ ಹನ್ನೆರಡು ಸಂಚಿಕೆ ಸೇರಿಸಿ ಮನೆಯವರು ಬೈಂಡ್ ಮಾಡಿಸಿದ್ದೇ ಹೆಚ್ಚು ಸಿಗುತ್ತದೆ. ಬೈಂಡರು ಅಂಚು ಸವರುವಾಗ ಚಿತ್ರದ ತುದಿ ಹೋಗಿರುತ್ತದೆ, ಎಷ್ಟೋ ಸಲ ಮುಖಪುಟಗಳನ್ನೇ ಕಿತ್ತು ಬಿಸಾಡಿರುತ್ತಾರೆ. ಮುಖಪುಟಕ್ಕಾಗಿ ಕೊಳ್ಳುವವರು ಅದನ್ನೇ ಮೊದಲು ನೋಡಬೇಕು. ಕಾಗದವೂ ಅಗ್ಗದ ತಿರುಳಿನದು, ಮಡಿಸಿದಲ್ಲಿ ಮುರಿಯುತ್ತದೆ, ಪೂರ್ತಿ ಅಗಲಿಸಿ ಸ್ಕ್ಯಾನ್ ಮಾಡಲು ಹೋಗಬೇಡಿ.

ರಾಜಾಜಿನಗರ_ಓದುಗ
ನಮ್ಮ ಪ್ರಕಾಶಕರು ವೆಂಕಟಪ್ಪನವರ ಚಿತ್ರಗಳಿರುವ ಆ ಪುಸ್ತಕವನ್ನೇ ಕನ್ನಡದಲ್ಲಿ ಬಣ್ಣದಲ್ಲಿ ತರಬಹುದಲ್ಲ? ನೂರು ವರ್ಷ ದಾಟಿತು.

ಚಿತ್ರಪಟ
ನೂರು ವರ್ಷದ ಲೆಕ್ಕವಲ್ಲ. ಭಾರತದಲ್ಲಿ ಕಲಾವಿದರು ತೀರಿದ ವರ್ಷ ಮುಗಿದಮೇಲೆ 60 ವರ್ಷ. ಅವನೀಂದ್ರನಾಥರು 1951ರಲ್ಲಿ ತೀರಿದರು, ಅವರ ಚಿತ್ರಗಳು 2012ರಿಂದ ಮುಕ್ತ. ವೆಂಕಟಪ್ಪನವರು 1965, ಅಂದರೆ 2025ರ ಕೊನೆಯವರೆಗೆ. ನಂದಲಾಲರು 1966, ಅದಕ್ಕೆ ಇನ್ನೊಂದು ವರ್ಷ. ಮಜುಂದಾರರು 1975, ಅವರದು 2035ರ ಕೊನೆಗೆ. ಒಂದೇ ಪುಸ್ತಕದ 32 ಚಿತ್ರಗಳಿಗೆ ಹೀಗೆ ಬೇರೆ ಬೇರೆ ದಿನಾಂಕ. ಪೂರ್ತಿ ಪುಸ್ತಕ ತರುವುದಾದರೆ ಅನುಮತಿ ಕೇಳಬೇಕಾಗುತ್ತದೆ. ವೆಂಕಟಪ್ಪನವರ ಚಿತ್ರಗಳನ್ನಷ್ಟೇ ಆರಿಸಿ ಚಂದದ ಸಣ್ಣ ಪುಸ್ತಕ ಮಾಡುವುದಾದರೆ ದಾರಿ ಸುಲಭ. ಯಾರಾದರೂ ಮನಸ್ಸು ಮಾಡಬೇಕು.

ವೆಂಕಟಪ್ಪ_ಅಭಿಮಾನಿ
ಮಾಡಲೇಬೇಕು. ಮಾಡಿದರೆ ಒಳ್ಳೆಯ ಕಾಗದದಲ್ಲಿ, ಚಿತ್ರ ಪುಟ ಪೂರ್ತಿ ಬರುವಂತೆ ಮಾಡಲಿ. ಮೂಲದಲ್ಲಿ ಚಿತ್ರಗಳು ಚಿಕ್ಕವೇ.

ಎಡಿಸನ್_ಕನ್ನಡಿಗ
ಅಮೆರಿಕದಿಂದ ತರಿಸುವವರಿಗೆ: ಬೆಲೆ ನೋಡುವಾಗ ಮಾರುವವರು ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಇಬೇನಲ್ಲಿ "ಸೋಲ್ಡ್" ಎಂಬ ಆಯ್ಕೆ ಒತ್ತಿದರೆ ಬರುತ್ತದೆ. ಏಬ್‌ಬುಕ್ಸ್‌ನಲ್ಲಿ (ಹಳೆಯ ಪುಸ್ತಕಗಳ ಆನ್‌ಲೈನ್ ಮಾರುಕಟ್ಟೆ) ವರ್ಷಗಟ್ಟಲೆ ಕೂತಿರುವ ಪ್ರತಿಯ ಬೆಲೆ ಲೆಕ್ಕಕ್ಕಿಲ್ಲ.

25,000ದ ಒಳಗೆ ಇನ್ನೊಂದು ದಾರಿ ಹೇಳುತ್ತೇನೆ. ಜಾರ್ಜ್ ಮೇಸಿ 1929ರಲ್ಲಿ ಶುರುಮಾಡಿದ ಲಿಮಿಟೆಡ್ ಎಡಿಷನ್ಸ್ ಕ್ಲಬ್ ಹೆಚ್ಚಾಗಿ 1,500 ಪ್ರತಿ ಮಾತ್ರ ಮುದ್ರಿಸುತ್ತಿತ್ತು, ಸಂಖ್ಯೆ ಹಾಕಿ, ಹೆಚ್ಚಿನವಕ್ಕೆ ಚಿತ್ರಕಾರರ ಸಹಿ ಹಾಕಿಸಿ. ಮಾಟೀಸ್ ಚಿತ್ರ ಬರೆದ 1935ರ 'ಯುಲಿಸಿಸ್', ಪಿಕಾಸೊನ 1934ರ 'ಲಿಸಿಸ್ಟ್ರಾಟಾ' ನಮ್ಮ ಕೈಗೆ ಎಟುಕುವುದಿಲ್ಲ. ಆದರೆ ಅಷ್ಟು ಹೆಸರಿಲ್ಲದ ಚಿತ್ರಕಾರರ ಪುಸ್ತಕಗಳು ಕೈಗೆಟುಕುವ ಬೆಲೆಗೆ ಸಿಗುತ್ತವೆ, ಮುದ್ರಣ ಮಾತ್ರ ಅದೇ ದರ್ಜೆಯದು. ಅವರದ್ದೇ ಹೆರಿಟೇಜ್ ಪ್ರೆಸ್ ಆವೃತ್ತಿಗಳು ಇನ್ನೂ ಅಗ್ಗ. ಅದೇ ಚಿತ್ರಗಳು, ಸಹಿ ಇಲ್ಲ, ಕಾಗದ ಬೈಂಡಿಂಗ್ ಸಾದಾ. ಹೆರಿಟೇಜ್ ಪ್ರತಿಯನ್ನು ಕ್ಲಬ್ ಪ್ರತಿ ಎಂದು ಮಾರುವವರಿದ್ದಾರೆ. ಕೊನೆಯ ಪುಟದಲ್ಲಿ ಸಂಖ್ಯೆ ಇದೆಯೋ ನೋಡಿ.

ಹಳೇಪೇಟೆ
ಕಸ್ಟಮ್ಸ್ ಮರೀಬೇಡಿ. 2019ರ ಬಜೆಟ್ಟಿನಲ್ಲಿ ಆಮದು ಪುಸ್ತಕಕ್ಕೆ 5% ಸುಂಕ ಹಾಕಿದರು. ಅದರ ಮೇಲೆ ಕೊರಿಯರಿನವರ ಕ್ಲಿಯರೆನ್ಸ್ ಶುಲ್ಕ, ಎಷ್ಟೋ ಸಲ ಸುಂಕಕ್ಕಿಂತ ಅದೇ ಜಾಸ್ತಿ. ಆರ್ಡರಿಗೆ ಮೊದಲೇ ಕೊರಿಯರಿನವರಲ್ಲಿ ಕೇಳಿ ಬರೆಸಿಕೊಳ್ಳಿ.

ಎಡಿಸನ್_ಕನ್ನಡಿಗ
ಪ್ಯಾಕಿಂಗ್ ಬಗ್ಗೆಯೂ ಬರೆದು ಕೇಳಿ. ಮೊದಲು ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ. ನಾಲ್ಕು ಮೂಲೆಗೂ ರಟ್ಟಿನ ಕವಚ. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಎರಡರ ನಡುವೆ ಎಲ್ಲ ಕಡೆ 5 ಸೆಂಟಿಮೀಟರ್ ಮೆತ್ತೆ. ಸ್ಲಿಪ್‌ಕೇಸಿನ (ಪುಸ್ತಕ ಜಾರಿಸಿಡುವ ರಟ್ಟಿನ ಗೂಡು) ತೆರೆದ ಬದಿಗೆ ರಟ್ಟು ಕಟ್ಟದಿದ್ದರೆ ದಾರಿಯುದ್ದಕ್ಕೂ ಪುಸ್ತಕ ಜಾರಿ ಜಾರಿ ಸ್ಲಿಪ್‌ಕೇಸ್ ಸೀಳುತ್ತದೆ.

ಕಡಲತಡಿ
ಎಲ್ಲ ಸರಿ ಮಾರಾಯ್ರೆ, ತಂದ ಮೇಲೆ ಉಳಿಸಿಕೊಳ್ಳುವುದು ಹೇಗೆ ಅಂತ ಯಾರೂ ಹೇಳಲಿಲ್ಲವಲ್ಲ. ಮಂಗಳೂರು ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ತೇವಾಂಶ 85 ಪ್ರತಿಶತ ದಾಟುವುದು ಸಾಮಾನ್ಯ. 65 ದಾಟಿ ನಿಂತರೆ ಬೂಷ್ಟು ಹಿಡಿಯಲು ಶುರು. ಆರ್ಟ್ ಪೇಪರಿನ ಚಿತ್ರಗಳಿಗೆ ಇನ್ನೂ ಅಪಾಯ: ಅದರ ಮೇಲಿರುವ ಜೇಡಿಮಣ್ಣಿನ ಲೇಪ ನೀರು ತಾಗಿದರೆ ಅಂಟಾಗುತ್ತದೆ, ಒಣಗಿದಾಗ ಎರಡು ಹಾಳೆ ಒಂದಾಗುತ್ತವೆ, ಆಮೇಲೆ ಬಿಡಿಸಲು ಸಾಧ್ಯವೇ ಇಲ್ಲ. ನೆನೆದರೆ ಒಣಗುವ ಮೊದಲೇ ಪ್ರತಿ ಚಿತ್ರದ ಎದುರು ಬಟರ್ ಪೇಪರ್ ಇಡಬೇಕು.

ದಿನನಿತ್ಯಕ್ಕೆ: ಒಂದು ತೇವಮಾಪಕ ತಗೊಳ್ಳಿ, ಡಿಜಿಟಲ್‌ನದ್ದು ಕೆಲವು ನೂರು ರೂಪಾಯಿ. ಗುರಿ 45ರಿಂದ 55. ಕಪಾಟು ಗೋಡೆಯಿಂದ 10 ಸೆಂಟಿಮೀಟರ್ ದೂರ. ಹೊರಗೋಡೆಗೆ ತಾಗಿಸಿ ಇಡಲೇಬೇಡಿ. ತುಂಬ ಬೆಲೆಯದ್ದನ್ನು ಮಳೆಗಾಲಕ್ಕೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿಡಿ, 60 ಲೀಟರಿನ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ಅರ್ಧ ಕಿಲೋ. ಹರಳಿನ ಬಣ್ಣ ಬದಲಾದಾಗ 120 ಡಿಗ್ರಿ ಓವನ್‌ನಲ್ಲಿ ಎರಡು ಮೂರು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಕಿತ್ತಳೆ ಬಣ್ಣದ್ದು ತಗೊಳ್ಳಿ, ನೀಲಿಯದರಲ್ಲಿ ಕೋಬಾಲ್ಟ್ ವಿಷ. ಡಬ್ಬಿಗೆ ಹಾಕುವ ಮೊದಲು ಪುಸ್ತಕ ಒಣಗಿರಬೇಕು, ಹಸಿ ಇದ್ದರೆ ಒಳಗೇ ಬೂಷ್ಟು ಬೆಳೆಯುತ್ತದೆ.

ರಾಜಾಜಿನಗರ_ಓದುಗ
ಸ್ಲಿಪ್‌ಕೇಸ್ ಇದ್ದರೆ ಸಾಕಲ್ವಾ?

ಕಡಲತಡಿ
ಸಾಲುವುದಿಲ್ಲ. ಧೂಳು, ಬೆಳಕು ತಡೆಯುತ್ತದೆ, ತೇವ ತಡೆಯುವುದಿಲ್ಲ. ನಮ್ಮ ಕಡೆ ಬಿಗಿಯಾದ ಸ್ಲಿಪ್‌ಕೇಸಿನೊಳಗೆ ಗಾಳಿ ಆಡದೆ ಬಟ್ಟೆಯ ರಟ್ಟಿನ ಮೇಲೆ ಬಿಳಿ ಬೂಷ್ಟು ಬರುತ್ತದೆ. ಬೆನ್ನು ಹೊರಗೇ ಇರುವುದರಿಂದ ಬಿಸಿಲಿಗೆ ಅದೊಂದೇ ಬಿಳಿಚುತ್ತದೆ.

ಧಾರವಾಡ_ಪೇಡೆ
ಬೇವಿನ ಎಲಿ, ನುಸಿಗುಳಿಗೆ ಇಟ್ಟರ ನಡೀತದಲ್ಲ? ಅಜ್ಜನ ಕಾಲದಿಂದ ಮಾಡ್ತಾರ.

ರಟ್ಟು_ದಾರ
ಸಚಿತ್ರ ಪುಸ್ತಕಕ್ಕೆ ಎರಡೂ ಬೇಡ. ಹಸಿ ಎಲೆ ತೇವ ತರುತ್ತದೆ, ಒಣಗಿದ್ದೂ ಪುಟದಲ್ಲಿ ಕಂದು ಗುರುತು ಬಿಡುತ್ತದೆ. ನುಸಿಗುಳಿಗೆಯ ಆವಿ ಮನುಷ್ಯರ ಆರೋಗ್ಯಕ್ಕೇ ಕೆಟ್ಟದ್ದು. ಹುಳು ಕಂಡರೆ ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದು 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಪುಟದ ಮೇಲೆ ನೀರು ಕೂರುತ್ತದೆ. ತೊಗಲಿನ ರಟ್ಟಿನ ಪುಸ್ತಕಕ್ಕೆ ಇದನ್ನು ಮಾಡಬೇಡಿ.

ಬೈಂಡಿಂಗ್ ಬಗ್ಗೆ ಕೈಮುಗಿದು ಹೇಳುತ್ತೇನೆ: ಬೆನ್ನು ಸಡಿಲವಾಗಿದೆ ಎಂದು ಹೊಸ ರಟ್ಟು ಹಾಕಿಸಬೇಡಿ. ಮೂಲ ರಟ್ಟು ಹೋದರೆ ಸಂಗ್ರಾಹಕರ ಪಾಲಿಗೆ ಪುಸ್ತಕದ ಬೆಲೆ ಅರ್ಧವೂ ಉಳಿಯುವುದಿಲ್ಲ. ಮೈಲುತುತ್ತ ಬೆರೆಸಿದ ಮೈದಾ ಅಂಟು ಹುಳ ತಡೆದರೂ ಕಾಗದವನ್ನು ಸುಡುತ್ತದೆ. ಬಿಳಿ ಗೋಂದು ಒಮ್ಮೆ ಹಿಡಿದರೆ ಬಿಡಿಸಲಾಗದು. ಕಳಚಿದ ಚಿತ್ರ ಅಂಟಿಸಬೇಕಿದ್ದರೆ ಶುದ್ಧ ಗೋಧಿ ಪಿಷ್ಟದ ಗಂಜಿ, ಅಂಚಿನಲ್ಲಿ 3 ಮಿಲಿಮೀಟರ್ ಮಾತ್ರ. ಸೆಲ್ಲೋಟೇಪ್ ಅಂತೂ ಹತ್ತಿರ ತರಬೇಡಿ.

ಹೊತ್ತಗೆ_ಗೂಡು
ಮಾರುವವರಿಂದ ಫೋಟೋ ಬಂತು. ಶೀರ್ಷಿಕೆ ಪುಟದಲ್ಲಿ ಹ್ಯಾರಪ್, 1913 ಇದೆ, ಮರುಮುದ್ರಣದ ಸಾಲು ಇಲ್ಲ. ಎಣಿಸಿದರೆ ಚಿತ್ರ 31. ಒಂದು ಕಡೆ ಸಂದಿಯಲ್ಲಿ ಪಟ್ಟಿ ಉಳಿದಿದೆ. ಬೆನ್ನು ಬಿಳಿಚಿದೆ. ಕೇಳುತ್ತಿರುವುದು 18,000. ಬಿಡಲೋ?

ವೆಂಕಟಪ್ಪ_ಅಭಿಮಾನಿ
ಹೋಗಿರುವುದು ಯಾರ ಚಿತ್ರ? ಪಟ್ಟಿಯಲ್ಲಿ ಚಿತ್ರಕಾರರ ಹೆಸರಿದೆ ನೋಡಿ.

ಹೊತ್ತಗೆ_ಗೂಡು
ನಂದಲಾಲ್ ಬೋಸ್. ವೆಂಕಟಪ್ಪನವರವು ಎಲ್ಲ ಇವೆ.

ರಟ್ಟು_ದಾರ
ಒಂದು ಹೋದರೂ ವ್ಯಾಪಾರದ ಭಾಷೆಯಲ್ಲಿ ಅದು ಅಪೂರ್ಣ ಪ್ರತಿ, ಪೂರ್ಣ ಪ್ರತಿಯ ಬೆಲೆ ಕೇಳುವ ಹಾಗಿಲ್ಲ. ಆ ಸಂದಿಯ ಫೋಟೋವನ್ನೇ ಅವರಿಗೆ ಕಳಿಸಿ 8,000ದಿಂದ ಮಾತು ಶುರುಮಾಡಿ, 10,000 ದಾಟಬೇಡಿ. ಒಪ್ಪಿದರೆ "ಒಂದು ಚಿತ್ರ ಇಲ್ಲ" ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಮುಂದೆ ನೀವು ಮಾರಿದರೆ ಕೊಳ್ಳುವವರಿಗೂ ಅದು ಗೊತ್ತಿರಬೇಕು. ಬಿಡಿಯಾಗಿ ಆ ಚಿತ್ರ ಎಂದಾದರೂ ಸಿಕ್ಕರೆ ಅಂಟಿಸಬೇಡಿ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಹಾಕಿ ಪುಸ್ತಕದ ಜೊತೆ ಇಡಿ.

ಚಿತ್ರಪಟ
ಉಳಿದ ದುಡ್ಡಿನಲ್ಲಿ ತಾರಾದ್ದು ತಗೊಳ್ಳಿ. ಫೋಲಿಯೊ ಮುಂದಿನ ವರ್ಷ ಹಳೆಯ ಪ್ರತಿಯಾಗಿ ಸಿಗುತ್ತದೆ.

ಕಡಲತಡಿ
ಮತ್ತೆ ಮಳೆ ಮುಗಿಯುವ ತನಕ ಕಳಿಸಬೇಡಿ ಅಂತ ಇಬ್ಬರಿಗೂ ಹೇಳಿ. ದುಡ್ಡು ಕೊಟ್ಟು ಅವರಲ್ಲೇ ಇಡಿಸಿ, ಅಕ್ಟೋಬರಿನಲ್ಲಿ ತರಿಸಿ.